ಮೂರನೆಯ ಕೂಗು

ನಮ್ಮೂರಿನಲ್ಲಿ ಕೋಳಿ ಕೂಗಿದರೆ ಯಾರೂ ಏಳುವುದಿಲ್ಲ. ಎದುರು ದಡದಿಂದ ಡೊಂಬಯ್ಯ ಕೂಗಿದರೆ ಏಳುತ್ತೇವೆ. ಹೊಳೆಯಾಚೆಯ ಬಂಡೆಯ ಮೇಲೆ ನಿಂತು, ಎರಡೂ ಕೈಗಳನ್ನು ಬಾಯಿಗೆ ಹಿಡಿದು, "ಕುದುರು ನಮ್ಮದು" ಎನ್ನುತ್ತಾನೆ. ಉಸಿರು ತೆಗೆದುಕೊಂಡು ಇನ್ನೊಮ್ಮೆ ಅದನ್ನೇ ಹೇಳುತ್ತಾನೆ. ಆಮೇಲೆ ಮತ್ತೊಮ್ಮೆ. ಮೂರನೆಯ ಕೂಗು ಆರುವುದರೊಳಗೆ ಈಚೆ ದಡದ ಕಟ್ಟೆಯಿಂದ ನನ್ನ ಮಾವ ಐತಪ್ಪನವರು "ಒಪ್ಪಿಲ್ಲ" ಎನ್ನಬೇಕು. ಅವರ ಹಿಂದೆಯೇ ಇಡೀ ಊರು, ಹಲ್ಲುಜ್ಜುತ್ತಿದ್ದವರು, ಹಾಲು ಕರೆಯುತ್ತಿದ್ದವರು, ಇನ್ನೂ ಚಾದರದೊಳಗೆ ಇದ್ದವರು, "ಒಪ್ಪಿಲ್ಲ" ಎನ್ನಬೇಕು. ಮೊದಲ ಎರಡು ಕೂಗಿಗೆ ಬಾಯಿ ಹಾಕುವುದು ನಮ್ಮಲ್ಲಿ ಮರ್ಯಾದೆಯಲ್ಲ, ಹೇಳುವವನಿಗೆ ಹೇಳಲು ಬಿಡಬೇಕು. ಇಷ್ಟು ಮುಗಿದ ಮೇಲೆ ಕಟ್ಟೆಯ ಪಕ್ಕದ ನನ್ನ ಹೋಟೆಲಿನಲ್ಲಿ ಮೊದಲ ಚಹಾ ಇಳಿಯುತ್ತದೆ.

ಮೂರು ಸಲ ಹೇಳಿದ ಮಾತನ್ನು ಯಾರೂ ಆಕ್ಷೇಪಿಸದಿದ್ದರೆ ಅದು ಹಾಗೆಯೇ ಆಗಿಬಿಡುತ್ತದೆ. ಮಾವನಿಗಿಂತ ಮೊದಲು ಇದ್ದ ಆಕ್ಷೇಪಕ ಒಂದು ದಿನ ಜ್ವರ ಬಂದು ಮಲಗಿದ್ದ. ಅಂದು ಅಳಿವೆ ಬದಿಯ ಗಾಳಿಮರದ ತೋಪು ಹೋಯಿತು. ಹೋಯಿತು ಎಂದರೆ ತೋಪು ಅಲ್ಲಿಯೇ ಇದೆ, ನಮ್ಮವರು ಅದರೊಳಗೆ ಕಾಲಿಡಲು ನೋಡಿದರೆ ಕಾಲು ಮುಂದೆ ಬರುವುದಿಲ್ಲ. ಹಾಗಾಗಿ ನಮ್ಮ ಮಕ್ಕಳು ಅಮ್ಮ ಎನ್ನುವುದಕ್ಕೂ ಮೊದಲು ಒಪ್ಪಿಲ್ಲ ಎನ್ನಲು ಕಲಿಯುತ್ತವೆ. ಕೊನೆಯ ತುಂಡು ಮೀನಿಗೆ, ಕಿಟಕಿ ಪಕ್ಕದ ಜಾಗಕ್ಕೆ, ಎಲ್ಲದಕ್ಕೂ ಮನೆಮನೆಯಲ್ಲಿ ಇದೇ ಗಲಾಟೆ. ಮದುವೆಯೂ ಇಷ್ಟೇ. ಗಂಡಿನ ಕಡೆಯ ಹಿರಿಯ ಎದ್ದು ನಿಂತು "ಈ ಹುಡುಗಿ ನಮ್ಮವಳು" ಎಂದು ಮೂರು ಸಲ ಹೇಳುತ್ತಾನೆ, ಹೆಣ್ಣಿನ ಕಡೆಯವರು ಸುಮ್ಮನಿರುತ್ತಾರೆ, ಊಟಕ್ಕೆ ಎಲೆ ಹಾಕುತ್ತಾರೆ. ನನ್ನ ಮದುವೆಯಲ್ಲಿ ಹಾಗೆ ಹೇಳಿದವರು ಐತಪ್ಪ ಮಾವ. ನನ್ನ ತಂಗಿ ವಾರಿಜ ಆಗ ಲಂಗ ಹಾಕುವ ಹುಡುಗಿ. ಅಕ್ಕನನ್ನು ಕೊಡುವುದಿಲ್ಲ ಎಂದು ಹಿಂದಿನ ದಿನದಿಂದಲೇ ಹಟ ಹಿಡಿದಿದ್ದಳು. ಮೂರನೆಯ ಕೂಗಿನ ಹೊತ್ತಿಗೆ ಅಪ್ಪ ಅವಳ ಬಾಯಿಯನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದರು. ಅವಳು ಅಪ್ಪನ ಕೈ ಕಚ್ಚಿದ್ದು, ಅವರು ನೋವು ನುಂಗಿಕೊಂಡು ನಕ್ಕದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ಗಂಡ ಬಹಳ ಕಾಲ ಬಾಳಲಿಲ್ಲ. ಮಾವ ಮತ್ತು ನಾನು ಉಳಿದೆವು, ಜೊತೆಗೆ ಈ ಹೋಟೆಲು.

ಕುದುರು ಎಂದರೆ ಹೊಳೆಯ ನಡುವೆ ಇರುವ ಮರಳು ದ್ವೀಪ. ಕಲ್ಲಂಗಡಿ, ಸೌತೆ ಬೆಳೆಯುವ ಹತ್ತಾರು ಮನೆಗಳು ಅಲ್ಲಿವೆ. ಅದು ಯಾರದ್ದು ಎಂದು ಯಾರೂ ಕೇಳಿದವರಲ್ಲ. ವಾರಿಜ ದೊಡ್ಡವಳಾಗಿ, ಮದುವೆಯಾಗದೆ, ಬುಟ್ಟಿ ಹೊತ್ತು ಬಳೆ ಮಾರುತ್ತಿದ್ದಳು. ಒಂದು ದಿನ ಬೆಳಿಗ್ಗೆ ಕುದುರಿಗೆ ಹೋದಳು. ಗಿರಾಕಿ ಹೆಂಗಸರಿಗೆ ಬಳೆ ತೊಟ್ಟ ಕೈ ನೋಡಿಕೊಳ್ಳಲು ಅವಳ ಬಳಿ ಅಂಗೈಯಗಲದ ಒಂದು ಕನ್ನಡಿ ಇತ್ತು. ಅದರ ಬೆಳಕು ಎದುರು ದಡದ ಹಡಗುಕಟ್ಟೆಯ ಕಾವಲುಗಾರನ ಮುಖಕ್ಕೆ ಬಿತ್ತು. ಕುದುರಿನಿಂದ ಯಾರೋ ನಮ್ಮ ಹಡಗುಕಟ್ಟೆಯ ಗುಟ್ಟು ನೋಡಿ ಸಂಜ್ಞೆ ಕೊಡುತ್ತಿದ್ದಾರೆ, ನಮ್ಮ ಭದ್ರತೆಗೆ ಅಪಾಯ, ಇದು ಆತ್ಮರಕ್ಷಣೆಯ ಪ್ರಶ್ನೆ ಎಂದು ಆ ದಡದವರು ಸಭೆ ಸೇರಿದರು. ಮಧ್ಯಾಹ್ನದೊಳಗೆ ಡೊಂಬಯ್ಯ ಬಂಡೆ ಹತ್ತಿ ಮೊದಲ ಸಲ ಕೂಗಿದ. ನಾವು ಒಪ್ಪಿಲ್ಲ ಎಂದೆವು. ವಾರಿಜ ಬುಟ್ಟಿ ಎತ್ತಿಕೊಂಡು ದೋಣಿ ಹತ್ತಿದಳು. ಅಂಬಿಗ ಹುಟ್ಟು ಹಾಕಿದ. ದೋಣಿ ಅಲುಗಲಿಲ್ಲ.

ಕುದುರು ಅವರದ್ದೂ ಅಲ್ಲದ, ನಮ್ಮದೂ ಅಲ್ಲದ ಸ್ಥಿತಿಯಲ್ಲಿ ಇರುವಷ್ಟು ಕಾಲ ಅಲ್ಲಿದ್ದವರು ಯಾವ ದಡಕ್ಕೂ ಬರುವಂತಿಲ್ಲ, ನಾವು ಅಲ್ಲಿನ ಮರಳಿಗೆ ಕಾಲಿಡುವಂತಿಲ್ಲ. ಹನ್ನೊಂದು ವರ್ಷ ನಾನು ಮರಳಿನ ಅಂಚಿಗೆ ದೋಣಿ ತಾಗಿಸಿ, ಕೈ ಉದ್ದ ಮಾಡಿ ಬುತ್ತಿ ಕೊಟ್ಟಿದ್ದೇನೆ. ಅವಳು ನೀರಿಗೆ ಮೊಣಕಾಲಿನವರೆಗೆ ಇಳಿದು ತೆಗೆದುಕೊಳ್ಳುತ್ತಿದ್ದಳು. ಅಲ್ಲಿನವರು ಸುಮ್ಮನೆ ಕೂತಿದ್ದರು ಎಂದಲ್ಲ. ಒಮ್ಮೆ ಎಲ್ಲರೂ ಸೇರಿ "ಕುದುರು ನಮ್ಮದೇ" ಎಂದು ಕೂಗಿದರು. ಎರಡೂ ದಡದವರು ಒಂದೇ ಬಾಯಿಯಲ್ಲಿ "ಒಪ್ಪಿಲ್ಲ" ಎಂದರು. ನಮ್ಮಿಬ್ಬರ ನಡುವೆ ಒಮ್ಮತ ಮೂಡಿದ್ದು ಅದೊಂದೇ ವಿಷಯದಲ್ಲಿ.

ದೂರದಿಂದ ಒಂದು ಸಮಿತಿಯೂ ಬಂತು. ಬಿಳಿ ಅಂಗಿಯ ಏಳೆಂಟು ಜನ, ಎರಡೂ ದಡದಲ್ಲಿ ನಿಂತು ಅಳೆದರು, ಬರೆದುಕೊಂಡರು. ಇಬ್ಬರೂ ಒಪ್ಪಿದರೆ ಮಾತ್ರ ತಮ್ಮ ತೀರ್ಪು ನಡೆಯುತ್ತದೆ ಎಂದರು. ಇಬ್ಬರೂ ಒಪ್ಪುವುದಾದರೆ ಇವರೇಕೆ ಬೇಕು ಎಂದು ನಾನು ಕೇಳಿದ್ದಕ್ಕೆ, ನಮ್ಮೂರಿನ ಪರ ವಾದಿಸುವ ವಕೀಲ ಪುರಂದರರಾಯರು "ಸ್ವಲ್ಪ ಸುಮ್ಮನಿರಿ ಚಂದ್ರಕ್ಕ, ಅವರು ಕೇಳಿಸಿಕೊಳ್ತಾರೆ" ಎಂದರು. ಸಮಿತಿಯವರು ತೀವ್ರ ಕಳವಳ ವ್ಯಕ್ತಪಡಿಸಿ, ನನ್ನಲ್ಲಿ ಬನ್ಸ್ ತಿಂದು, ಹೋದರು. ಅದೇ ವರ್ಷ ಹೊಳೆಯ ಮೇಲಿನ ದೊಡ್ಡ ಪೇಟೆ, ಮೇಲೂರು ಎನ್ನುತ್ತೇವೆ, ನಮ್ಮ ಉಪ್ಪಿನ ಗದ್ದೆ ತನ್ನದು ಎಂದಿತು. ಅಣೆಕಟ್ಟಿನ ಬಾಗಿಲು ಅವರ ಕೈಯಲ್ಲಿದೆ, ಫಿರಂಗಿಗಳೂ ಇವೆ. ನಾವು ಸಂಜೆಯವರೆಗೆ ಒಪ್ಪಿಲ್ಲ ಒಪ್ಪಿಲ್ಲ ಎಂದು ಕಿರುಚಿದೆವು, ಮಾವನ ಗಂಟಲಿನಿಂದ ರಕ್ತ ಬಂತು. ಆದರೂ ಗದ್ದೆ ಹೋಯಿತು. ಮರುದಿನ ನಮ್ಮ ಕಾಲು ಅಲ್ಲಿ ಮುಂದೆ ಬರಲಿಲ್ಲ. ಮೂರು ಕೂಗು, ಒಂದು ಆಕ್ಷೇಪ, ಇದು ಸೂರ್ಯ ಹುಟ್ಟಿದಷ್ಟೇ ಸತ್ಯ ಎಂದು ನಂಬಿದವಳು ನಾನು. ಆ ದಿಕ್ಕಿನಿಂದ ಬಂದದ್ದಕ್ಕೆ ಮಾತ್ರ ಕಾನೂನಿನ ಕಿವಿ ಮಂದವಾಗುತ್ತದೆ ಎಂದು ಗೊತ್ತಿರಲಿಲ್ಲ. ವಕೀಲರು ಮಾತ್ರ "ನಮ್ಮ ಆಕ್ಷೇಪ ದಾಖಲಾಗಿದೆ" ಎಂದರು. ಅವರ ಮನೆಗೆ ಬೆಂಕಿ ಬಿದ್ದರೂ ಅವರು ಅದನ್ನೇ ಹೇಳಿಯಾರು.

ಇಷ್ಟರಲ್ಲಿ ವಾರಿಜಳ ಕಣ್ಣಿಗೆ ಪೊರೆ ಬಂತು. ಮೊದಲು ಬುತ್ತಿಯ ಮುಚ್ಚಳ ತಡವರಿಸಿ ತೆಗೆಯುತ್ತಿದ್ದಳು. ಆಮೇಲೆ ಒಂದು ದಿನ ನನ್ನ ದೋಣಿ ಬಂದು ತಾಗಿದರೂ ಬೇರೆ ಕಡೆ ನೋಡುತ್ತ "ಅಕ್ಕ ಇನ್ನೂ ಬರ್ಲಿಲ್ಲ" ಎಂದು ಪಕ್ಕದವಳಿಗೆ ಹೇಳಿದಳು. ನಾನು ಎರಡು ಮಾರು ದೂರದಲ್ಲಿದ್ದೆ. ಆಸ್ಪತ್ರೆಯ ಡಾಕ್ಟರಮ್ಮನನ್ನು ಕಾಡಿ ಬೇಡಿ ದೋಣಿಯಲ್ಲಿ ಕರೆದುಕೊಂಡು ಹೋದೆ. ಅವರು ಅಂಚಿನಿಂದಲೇ ಟಾರ್ಚು ಹಾಕಿ ನೋಡಿದರು.

"ಸಣ್ಣ ಆಪರೇಷನ್. ಆದ್ರೆ ಅಲ್ಲಾಡುವ ದೋಣಿಯಲ್ಲಿ ಕಣ್ಣಿಗೆ ಕತ್ತಿ ಹಾಕ್ಲಿಕ್ಕೆ ಆಗ್ತದಾ? ದಡಕ್ಕೆ ಬರ್ಬೇಕು" ಎಂದರು. "ಈ ಮಳೆಗಾಲ ಕಳೆದ್ರೆ ನಾನು ಏನೂ ಹೇಳ್ಲಿಕ್ಕೆ ಬರುವುದಿಲ್ಲ. ಎರಡೂ ಕಣ್ಣು ಹೋದೀತು."

ವಾರಿಜ ಅದನ್ನು ಕೇಳಿಸಿಕೊಂಡು, "ಹೋಗ್ಲಿ ಬಿಡಿ, ಹನ್ನೊಂದು ವರ್ಷದಿಂದ ಇದೇ ಎರಡು ದಡ ನೋಡಿ ನಂಗೂ ಬೇಜಾರು ಬಂದಿದೆ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅವಳ ಮೇಲೆ ಸಿಟ್ಟು ಬಂತು, ಡೊಂಬಯ್ಯನ ಮೇಲೆ ಬಂತು, ಪ್ರತಿ ಬೆಳಿಗ್ಗೆ ನನ್ನ ಕೈಯಿಂದಲೇ ಚಹಾ ಕುಡಿದು ಗಂಟಲು ಸರಿ ಮಾಡಿಕೊಳ್ಳುವ ಮಾವನ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು.

ಅಂದಿನಿಂದ ವಕೀಲರ ಬೆನ್ನು ಬಿದ್ದೆ. ಅವರ ಚಹಾಕ್ಕೆ ಸಕ್ಕರೆ ಹಾಕುವುದನ್ನೇ ನಿಲ್ಲಿಸಿದೆ. ಕೊನೆಗೆ ಅವರು ಎದುರು ದಡದವರ ವಕೀಲನೊಡನೆ ಹೊಳೆಯ ನಡುವೆ ದೋಣಿಗೆ ದೋಣಿ ತಾಗಿಸಿ ಮಾತಾಡಿದರು. ಅವರ ಕಡೆಯವರಿಗೂ ಸಾಕಾಗಿತ್ತು. ಹಡಗುಕಟ್ಟೆಗೆ ಹಡಗು ಬರುವುದೇ ನಿಂತು ಯಾವ ಕಾಲವಾಗಿತ್ತೋ. ಒಪ್ಪಂದ ಆಯಿತು. ಒಂದು ಸೋಮವಾರ ಬೆಳಿಗ್ಗೆ ಡೊಂಬಯ್ಯ "ಕುದುರು ನಿಮ್ಮದು" ಎಂದು ಮೂರು ಸಲ ಕೂಗುತ್ತಾನೆ. ನಾವು ಬಾಯಿ ಮುಚ್ಚಿಕೊಂಡಿರಬೇಕು. ಅಷ್ಟೇ.

ಬಾಯಿ ಮುಚ್ಚಿಕೊಂಡಿರುವುದನ್ನು ನಮ್ಮೂರಿಗೆ ಕಲಿಸಲು ವಕೀಲರು ಒಂದು ವಾರ ತೆಗೆದುಕೊಂಡರು. ದಿನವೂ ಸಂಜೆ ಎಲ್ಲರನ್ನೂ ಕಟ್ಟೆಯ ಮುಂದೆ ಕೂರಿಸಿ, ತಮ್ಮ ಸಣ್ಣ ಸ್ವರದಲ್ಲಿ "ಕುದುರು ನಿಮ್ಮದು" ಎನ್ನುತ್ತಿದ್ದರು. ಊರು ತುಟಿ ಬಿಗಿದು ಕೂರುತ್ತಿತ್ತು. ಮಾವ ಎಲ್ಲರಿಗಿಂತ ಮುಂದೆ ಕೂತು, ಪರೀಕ್ಷೆಗೆ ಓದಿದ ಹುಡುಗನ ಹಾಗೆ ಗಂಭೀರವಾಗಿ ಸುಮ್ಮನಿರುತ್ತಿದ್ದರು. "ನೋಡು ಮಗಾ, ಒಂದು ಕೆಮ್ಮೂ ಬರ್ಲಿಲ್ಲ" ಎಂದು ನನ್ನಲ್ಲಿ ಹೇಳಿಕೊಂಡರು. ನಾನು ಅಂದು ಅವರಿಗೆ ಎರಡು ಗೋಳಿಬಜೆ ಹೆಚ್ಚು ಕೊಟ್ಟೆ.

ಸೋಮವಾರ ನಾನು ಬೆಳಕು ಹರಿಯುವ ಮೊದಲೇ ದೋಣಿ ತೆಗೆದುಕೊಂಡು ಕುದುರಿನ ಅಂಚಿಗೆ ಹೋದೆ. ವಾರಿಜ ಹೊಸ ಸೀರೆ ಉಟ್ಟು, ಬಳೆಯ ಬುಟ್ಟಿಯನ್ನೂ ಹಿಡಿದು ಕಾದಿದ್ದಳು. ಹನ್ನೊಂದು ವರ್ಷದ ಹಳೆಯ ಬಳೆ ಯಾರು ತೊಡುತ್ತಾರೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವಳ ಕೈ ಹಿಡಿದು ದೋಣಿಯೊಳಗೆ ಕೂರಿಸಿದೆ. ದೋಣಿ ಕಲ್ಲಿನ ಹಾಗೆ ನಿಂತಿತ್ತು, ಇನ್ನು ಸ್ವಲ್ಪ ಹೊತ್ತು ಎಂದುಕೊಂಡೆ. ಡೊಂಬಯ್ಯ ಬಂಡೆ ಹತ್ತಿದ. "ಕುದುರು ನಿಮ್ಮದು" ಎಂದ. ನಮ್ಮ ದಡ ಮೌನವಾಗಿತ್ತು. ಮತ್ತೆ ಕೂಗಿದ. ಮೌನ. ವಾರಿಜ ನನ್ನ ಮೊಣಕೈ ಹಿಂಡಿದಳು. ಮೂರನೆಯ ಸಲ, ಅದೇ ಹಳೆಯ ರಾಗದಲ್ಲಿ, ಕೊನೆಯ ಅಕ್ಷರವನ್ನು ಅದೇ ಹಳೆಯ ಹಾಗೆ ಎಳೆದು ಕೂಗಿದ.

"ಒಪ್ಪಿಲ್ಲ" ಎಂದಿತು ಮಾವನ ಸ್ವರ. ಅದರ ಹಿಂದೆಯೇ ಇಡೀ ಊರು, "ಒಪ್ಪಿಲ್ಲ."

ಎದುರು ದಡದಲ್ಲಿ ಡೊಂಬಯ್ಯ ಬಾಯಿಗೆ ಹಿಡಿದ ಕೈಯನ್ನು ಹಾಗೆಯೇ ಹಿಡಿದು ನಿಂತಿದ್ದ. ನಮ್ಮ ದಡದಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ವಕೀಲರು ಕಟ್ಟೆಯ ಮೇಲೆ ಕುಸಿದು ಕೂತದ್ದು ಅಷ್ಟು ದೂರದಿಂದಲೂ ಕಂಡಿತು. ವಾರಿಜಳಿಗೆ ಇದೊಂದೂ ಕಾಣುತ್ತಿರಲಿಲ್ಲ, ಕೇಳಿದ ಕೂಗನ್ನು ಅವಳು ನಂಬಲಿಲ್ಲವೋ ಏನೋ.

"ಅಕ್ಕ, ದೋಣಿ ಹೊರಟಿತಾ?" ಎಂದು ಕೇಳಿದಳು.

ನಾನು ಹುಟ್ಟು ಹಾಕಿದೆ, ಇನ್ನೊಮ್ಮೆ ಹಾಕಿದೆ. ಹುಟ್ಟಿನ ಶಬ್ದದಿಂದಲೇ ಅವಳಿಗೆ ಗೊತ್ತಾಯಿತು. ಬುಟ್ಟಿ ಎತ್ತಿಕೊಂಡು, ತಡವರಿಸುತ್ತ, ನೀರಿಗಿಳಿದು ಮರಳಿಗೆ ಹೋದಳು.

ಮರಳಿ ಬಂದು ನಾನು ಮಾವನನ್ನು ಬಯ್ಯಬೇಕೆಂದಿದ್ದೆ. ಅವರು ಹೋಟೆಲಿನ ಮೂಲೆಯಲ್ಲಿ, ಹೆಗಲ ಮೇಲಿನ ಬೈರಾಸನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದರು. ಎಂಬತ್ತು ದಾಟಿದ ಮನುಷ್ಯ. "ನಾನು ಹೇಳ್ಲಿಲ್ಲ ಮಗಾ, ಬಾಯಿ ಹೇಳಿತು" ಎಂದರು. ಅದು ನಿಜ ಎಂದು ನನಗೆ ಗೊತ್ತಿತ್ತು. ವಕೀಲರ ಸಣ್ಣ ಸ್ವರಕ್ಕೆ ಸುಮ್ಮನಿರಲು ಕಲಿತ ಊರು ಡೊಂಬಯ್ಯನ ರಾಗಕ್ಕೆ ಸುಮ್ಮನಿರಲು ಕಲಿತಿರಲಿಲ್ಲ. ಅಷ್ಟು ಓದಿದ ವಕೀಲರಿಗಾಗಲಿ, ದಿನವೂ ಆ ಕೂಗಿಗೇ ಏಳುವ ನನಗಾಗಲಿ ಅದು ಹೊಳೆಯಲಿಲ್ಲ.

"ಈಗ ಕುದುರು ಯಾರದ್ದು?" ಎಂದು ವಕೀಲರನ್ನು ಕೇಳಿದೆ.

"ಅವರು ಬಿಟ್ಟುಕೊಟ್ಟಾಯ್ತು, ತಿರುಗಿ ಕೇಳುವ ಹಾಗಿಲ್ಲ. ನಾವು ಬೇಡ ಅಂದಾಯ್ತು, ನಾವೂ ಕೇಳುವ ಹಾಗಿಲ್ಲ. ಯಾರದ್ದೂ ಅಲ್ಲ ಚಂದ್ರಕ್ಕ. ಇನ್ನು ಮೊದಲು ಬಂದು ಕೂಗಿದವರದ್ದು."

"ಮೊದಲು ಬರುವವರು ಯಾರು?"

"ಮೇಲೂರಿನ ದೋಣಿ ಹೊರಟಿದೆಯಂತೆ. ನಾಳೆ ಮಧ್ಯಾಹ್ನದೊಳಗೆ ಬರ್ತದೆ."

ಉಪ್ಪಿನ ಗದ್ದೆ ನೆನಪಾಯಿತು. ಮೇಲೂರಿನವರು ಕೂಗಿದ ಮೇಲೆ ಯಾರು ಏನು ಹೇಳಿದರೂ ಅಷ್ಟೇ. ನಾನು ಎದ್ದು ನಿಂತೆ. ಮೊದಲು ಬಂದವರದ್ದು ಎನ್ನುವುದಾದರೆ, ಕುದುರಿನ ಮೇಲೆ ಈಗಾಗಲೇ ಇರುವವರು ಬರುವುದೇನು ಬಂತು. ಇಷ್ಟನ್ನು ವಕೀಲರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಯಾರೂ ಆಕ್ಷೇಪಿಸದಿದ್ರೆ ನಿಲ್ಲುತ್ತದೆ. ಆದ್ರೆ ನಮ್ಮವರ ಬಾಯಿ ಇವತ್ತು ನೋಡಿದ್ರಲ್ಲ" ಎಂದರು.

ಸಂಜೆ ಬಿಸಿಲು ಇಳಿಯುವಾಗ ಕುದುರಿನ ಅಂಚಿಗೆ ಹೋಗಿ ವಾರಿಜಳಿಗೆ ಹೇಳಿದೆ. ನಾಳೆ ಬೆಳಿಗ್ಗೆ ನೀನು ಕೂಗಬೇಕು ಎಂದೆ. ಅವಳಿಗೆ ಗಾಬರಿಯಾಯಿತು. "ನಾನಾ? ಬಳೇ ಬಳೇ ಅಂತ ಕೂಗಿ ಗೊತ್ತುಂಟು ಅಷ್ಟೇ" ಎಂದಳು. ಹಾಗೆಯೇ ಕೂಗು ಎಂದೆ. ಬರುವಾಗ ದೋಣಿಯನ್ನು ಎದುರು ದಡದ ಬಂಡೆಯ ಕಡೆ ತಿರುಗಿಸಿದೆ. ಡೊಂಬಯ್ಯ ಬಲೆ ಒಣಗಿಸುತ್ತ ಕೂತಿದ್ದ. ಹನ್ನೊಂದು ವರ್ಷ ದಿನವೂ ಕೇಳಿದ ಸ್ವರದ ಮನುಷ್ಯನನ್ನು ಅಷ್ಟು ಹತ್ತಿರದಿಂದ ಮೊದಲ ಸಲ ನೋಡಿದೆ. ಒಣಕಲು ದೇಹ, ಎದೆಯ ಮೂಳೆ ಲೆಕ್ಕ ಹಾಕಬಹುದು.

"ಡೊಂಬಯ್ಯಣ್ಣ, ನಾಳೆ ಕುದುರಿನವರು ಕೂಗುತ್ತಾರೆ. ನಿಮ್ಮ ಕಡೆಯಿಂದ ಯಾರೂ ಬಾಯಿ ತೆಗೀಬಾರದು."

ಅವನು ಬಲೆಯ ಒಂದು ಗಂಟು ಬಿಡಿಸಿದ. "ನಾನು ಕೂಗುವವ ಮಾತ್ರ. ಆಕ್ಷೇಪ ನಮ್ಮಲ್ಲಿ ಬೇರೆಯವನ ಕೆಲಸ. ಅವ ನಾನು ಎಬ್ಬಿಸದೆ ಏಳುವುದಿಲ್ಲ" ಎಂದ. ಆಮೇಲೆ, "ನಿಮ್ಮ ಐತಪ್ಪಣ್ಣನಿಗೆ ಹೇಗುಂಟು? ಇವತ್ತು ಅವರ ಸ್ವರ ಕೇಳಿ ನಂಗೆ ಕೈ ಇಳಿಸ್ಲಿಕ್ಕೇ ಆಗ್ಲಿಲ್ಲ" ಎಂದು ಕೇಳಿದ. ಚೆನ್ನಾಗಿದ್ದಾರೆ ಎಂದು ಸುಳ್ಳು ಹೇಳಿ ಬಂದೆ.

ಮರುದಿನ ಬೆಳಿಗ್ಗೆ ಮಾವ ಕಟ್ಟೆಗೆ ಬರುವುದಿಲ್ಲ ಎಂದರು. ಮನೆಯೊಳಗೆ ಕೂತರೂ ಬಾಯಿ ಬಾಯಿಯೇ, ನನ್ನ ಕಣ್ಣೆದುರು ಇರಿ ಎಂದು ಕೈ ಹಿಡಿದು ಕರೆತಂದೆ. ಊರಿನವರು ಕೂಗುವುದು ಅವರ ಸ್ವರ ಹಿಡಿದೇ. ಅವರು ಸುಮ್ಮನಿದ್ದರೆ ಉಳಿದವರಿಗೆ ಎಲ್ಲಿ ಶುರು ಮಾಡಬೇಕೆಂದೇ ಗೊತ್ತಾಗುವುದಿಲ್ಲ. ನನ್ನ ಎಡಗೈಯಲ್ಲಿ ಬಾಣಲೆಯಿಂದ ಆಗಷ್ಟೇ ತೆಗೆದ ಗೋಳಿಬಜೆಯ ತಟ್ಟೆ ಇತ್ತು. ಕುದುರಿನ ಕಡೆಯಿಂದ, ಬಳೆ ಮಾರುವವಳ ರಾಗದಲ್ಲಿ, ಸ್ವಲ್ಪ ನಡುಗುತ್ತ ಬಂತು: "ಕುದುರು ಇಲ್ಲಿ ಇರುವವರದ್ದು." ಯಾರೂ ಮಾತಾಡಲಿಲ್ಲ. ಎರಡನೆಯ ಸಲ ಬಂತು. ಮಾವನ ಕುತ್ತಿಗೆಯ ನರ ಉಬ್ಬುವುದು ಕಂಡಿತು. ಅವರು ಎರಡೂ ಕೈಯಿಂದ ಕಟ್ಟೆಯ ಕಲ್ಲನ್ನು ಹಿಡಿದುಕೊಂಡಿದ್ದರು. ಮೂರನೆಯ ಕೂಗು ಹೊಳೆ ದಾಟಿ ಬಂತು. ಮಾವನ ಬಾಯಿ ತೆರೆಯಿತು. ನಾನು ಒಂದು ಇಡೀ ಗೋಳಿಬಜೆಯನ್ನು ಅದರೊಳಗೆ ತುರುಕಿ, ಅಂಗೈಯಿಂದ ಒತ್ತಿ ಹಿಡಿದೆ. ನನ್ನ ಮದುವೆಯಲ್ಲಿ ಅಪ್ಪ ವಾರಿಜಳ ಬಾಯಿ ಹಿಡಿದ ಹಾಗೆ. ಮಾವನ ಕಣ್ಣುಗುಡ್ಡೆ ಮೇಲೆ ಹೋಯಿತು. ಹಿಂದೆ ಊರು ಬಾಯಿ ತೆರೆದು, ಸ್ವರ ಸಿಕ್ಕದೆ, ಮತ್ತೆ ಮುಚ್ಚಿಕೊಂಡಿತು. ಎದುರು ದಡದಲ್ಲಿ ಡೊಂಬಯ್ಯ ಬಂಡೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದ.

ಕೂಗು ಆರಿತು. ನಮ್ಮ ಕಣ್ಣೆದುರಿನಲ್ಲಿಯೇ ಕುದುರಿನ ದೋಣಿಯೊಂದು ಅಲುಗಿ, ತಾನಾಗಿಯೇ ತಿರುಗಿ, ನೀರಿನಲ್ಲಿ ಹಗುರವಾಗಿ ಆಡಿತು. ಮೇಲೂರಿನವರು ಮಧ್ಯಾಹ್ನ ಬಂದರು. ಅವರು ಯಾರದ್ದೂ ಅಲ್ಲದ ಮರಳಿಗೆ ಎಂದು ಬಾವುಟ ತಂದಿದ್ದರು. ಅಲ್ಲಿ ಹತ್ತಾರು ಮನೆಯವರು ಸಾಲಾಗಿ ನಿಂತು ಒಂದೊಂದು ಕೂಗಿಗೂ ಒಪ್ಪಿಲ್ಲ ಎಂದರು, ಈ ದಡ ಒಪ್ಪಿಲ್ಲ ಎಂದಿತು, ಆ ದಡ ಒಪ್ಪಿಲ್ಲ ಎಂದಿತು. ಮೂರು ಕಡೆಯಿಂದ ಏಕಕಾಲಕ್ಕೆ ಬಂದದ್ದು ಅವರಿಗೆ ಹೊಸದು. ಫಿರಂಗಿ ತರಲು ಮರೆತಿದ್ದರೋ, ಕಲ್ಲಂಗಡಿಯಷ್ಟಕ್ಕೆ ಫಿರಂಗಿ ಏಕೆ ಎಂದುಕೊಂಡರೋ, ತಿರುಗಿ ಹೋದರು. ಮುಂದೆ ಬರಲಾರರು ಎಂದು ನಾನೇನೂ ಹೇಳುವುದಿಲ್ಲ.

ವಾರಿಜ ದಡಕ್ಕೆ ಬಂದಳು. ಡಾಕ್ಟರಮ್ಮ ಒಂದಾದ ಮೇಲೆ ಒಂದು ಎರಡೂ ಕಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿದ ದಿನ ಅವಳು ನನ್ನನ್ನು ನೋಡಿ, "ಅಯ್ಯೋ ಅಕ್ಕ, ನೀನು ಎಷ್ಟು ಮುದುಕಿಯಾದಿ" ಎಂದಳು. ನಾವಿಬ್ಬರೂ ನಕ್ಕೆವು, ಆಮೇಲೆ ಅತ್ತೆವು. ಇನ್ನು ಅವಳು ನನ್ನ ಜೊತೆಗೇ ಇರುತ್ತಾಳೆ ಎಂದುಕೊಂಡು ಹೋಟೆಲಿನ ಹಿಂದಿನ ಕೋಣೆ ಗುಡಿಸಿ, ಚಾಪೆ ಹಾಕಿಟ್ಟೆ. ಕಣ್ಣು ಗುಣವಾದ ಮೇಲೆ ಅವಳು ಬುಟ್ಟಿ ಎತ್ತಿಕೊಂಡು, "ನಾನು ಮನೆಗೆ ಹೋಗ್ತೇನೆ" ಎಂದಳು. ಯಾವ ಮನೆಗೆ ಎಂದು ಕೇಳಿದೆ. ಅವಳು ಕುದುರಿನ ಕಡೆ ಕೈ ತೋರಿಸಿದಳು. ಹನ್ನೊಂದು ವರ್ಷ ಅದನ್ನು ಸೆರೆ ಎಂದುಕೊಂಡು ಬುತ್ತಿ ಹೊತ್ತವಳು ನಾನು. "ಅಲ್ಲಿ ನಾನು ಬಿತ್ತಿದ ಸೌತೆ ಉಂಟು. ನಾನು ಕೂಗಿ ಪಡೆದದ್ದು" ಎಂದಳು. ನಾನು ಹಾಕಿದ ಚಾಪೆಯನ್ನು ಸುತ್ತಿಟ್ಟೆ.

ಅವಳು ಹೋದ ಮರುದಿನ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ಕುದುರಿನಿಂದ ಸ್ವರ ಬಂತು. ಈಗ ಅದರಲ್ಲಿ ನಡುಕವಿರಲಿಲ್ಲ.

"ಕಟ್ಟೆ ಬದಿಯ ಹೋಟೆಲಿನ ಚಂದ್ರಾವತಿ ನಮ್ಮವಳು."

ಸಟ್ಟುಗ ಕೈಯಲ್ಲಿಯೇ ಉಳಿಯಿತು. ಎರಡನೆಯ ಸಲ ಬಂದಾಗ ನಾನು ಹೊರಗೆ ಓಡಿದೆ. ಮಾವ ಕಟ್ಟೆಯ ಮೇಲಿದ್ದರು, ಸುಟ್ಟ ನಾಲಿಗೆ ಅಷ್ಟರಲ್ಲಿ ಪೂರ್ತಿ ಗುಣವಾಗಿತ್ತು. ಮೂರನೆಯ ಕೂಗು ಬಂತು. "ಒಪ್ಪಿಲ್ಲ" ಎಂದರು ಮಾವ. ಊರೂ ಒಪ್ಪಿಲ್ಲ ಎಂದಿತು. ಬೈಯಲು ಬಾಯಿ ತೆರೆದೆ. ಅವರು ನನ್ನ ಮುಖ ನೋಡದೆ ಹೇಳಿದರು, "ಇದು ಬಾಯಿ ಹೇಳಿದ್ದಲ್ಲ ಮಗಾ. ನಾನೇ ಹೇಳಿದ್ದು. ನೀನು ಹೋದ್ರೆ ನಂಗೆ ಯಾರುಂಟು?"

ದೋಸೆ ಕರಕಲಾಗುವ ವಾಸನೆ ಬರುತ್ತಿತ್ತು. ನಾನು ಅದನ್ನು ಬಿಟ್ಟು, ತಂಗಿಯನ್ನು ಕೇಳಿಯೇ ಬರುತ್ತೇನೆ ಎಂದು ದೋಣಿ ಹತ್ತಿ ಹುಟ್ಟು ಹಾಕಿದೆ. ದೋಣಿ ಅಲುಗಲಿಲ್ಲ. ಇನ್ನೊಮ್ಮೆ ಹಾಕಿದೆ. ಇಳಿದು, ಪೇಟೆಯ ಕಡೆ ನಡೆದೆ. ಹೋಟೆಲಿನ ಅಂಗಳ ಮುಗಿಯುವಲ್ಲಿ ಕಾಲು ಎತ್ತಿದೆ, ಅದು ಮುಂದೆ ಬರಲಿಲ್ಲ. ಬೇರೆಯವರ ಕಾಲು ನಿಂತದ್ದನ್ನು ಎಷ್ಟೋ ಸಲ ನೋಡಿದ್ದೇನೆ. ನನ್ನದೇ ಕಾಲು, ನನ್ನ ಮಾತು ಕೇಳದೆ ಗಾಳಿಯಲ್ಲಿ ನಿಂತಾಗ ಆದ ಆಘಾತವೇ ಬೇರೆ. ಅಂಗಳ, ಹೋಟೆಲು, ಕಟ್ಟೆ, ದೋಣಿಯ ಮೆಟ್ಟಿಲು. ಅಷ್ಟೇ ನನ್ನ ಕುದುರು.

ವಾರಿಜ ಅಂದೇ ಮಧ್ಯಾಹ್ನ ದೋಣಿಯಲ್ಲಿ ಬಂದಳು. ಕೈಯಲ್ಲಿ ಸೌತೆಯ ಹುಳಿ ಇತ್ತು. "ನಂಗೆ ನೀನು ಬೇಕಿತ್ತು ಅಕ್ಕ. ಅಂದು ಅಪ್ಪ ನನ್ನ ಬಾಯಿ ಹಿಡಿದ್ರು" ಎಂದಳು. ಕೂಗಿದ ಮಾತನ್ನು ಹಿಂದೆ ತೆಗೆದುಕೋ ಎಂದರೆ ತಲೆಯಲ್ಲಾಡಿಸಿದಳು. ಮಾವನಿಗೆ ಹೇಳಿದರೆ ಅವರು ಅವಳು ಮೊದಲು ಬಿಡಲಿ ಎಂದರು. ವಕೀಲರಲ್ಲಿ ಕೇಳಿದೆ, "ಇಬ್ಬರೂ ನನ್ನನ್ನು ಎಳೀತಾರೆ. ನನ್ನ ಹತ್ರ ಯಾರೂ ಕೇಳ್ಲಿಕ್ಕಿಲ್ವಾ?"

"ವಿವಾದ ಯಾವುದರ ಬಗ್ಗೆಯೋ ಅದರ ಹತ್ತಿರ ಕೇಳುವ ಪದ್ಧತಿ ಇಲ್ಲ ಚಂದ್ರಕ್ಕ" ಎಂದರು ಅವರು. ಆಮೇಲೆ ಕುದುರನ್ನು ಒಮ್ಮೆ ನೋಡಿ, ಕನ್ನಡಕ ಒರೆಸಿಕೊಂಡು, "ಮೊನ್ನೆಯವರೆಗೆ ಇರ್ಲಿಲ್ಲ" ಎಂದರು.

ಮರುದಿನ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಗೋಳಿಬಜೆ ಕರಿದು, ತಟ್ಟೆಯನ್ನು ಮಾವನ ಮುಂದೆ ಕಟ್ಟೆಯ ಮೇಲಿಟ್ಟೆ. ಕೈ ಒರೆಸಿಕೊಂಡು ನಾನೂ ಕಟ್ಟೆ ಹತ್ತಿದೆ. ಹೆಂಗಸೊಬ್ಬಳು ಅಲ್ಲಿ ನಿಂತದ್ದನ್ನು ಊರು ಕಂಡಿರಲಿಲ್ಲ. ಹಲ್ಲುಜ್ಜುವವರ ಕೈ ನಿಂತಿತು. ಕುದುರಿನ ಅಂಚಿನಲ್ಲಿ ವಾರಿಜ ಬಂದು ನಿಂತಿದ್ದಳು, ಅವಳಿಗೆ ಈಗ ಅಷ್ಟು ದೂರ ಕಾಣುತ್ತದೆ. ಎದುರು ದಡದಲ್ಲಿ ಕೆಲಸವಿಲ್ಲದ ಡೊಂಬಯ್ಯ ಅಭ್ಯಾಸಬಲದಿಂದ ಬಂಡೆಯ ಮೇಲೆ ಕೂತಿದ್ದ.

"ಚಂದ್ರಾವತಿ ಚಂದ್ರಾವತಿಯದ್ದೇ" ಎಂದು ಕೂಗಿದೆ. ನನ್ನ ಸ್ವರ ಇಷ್ಟು ದೊಡ್ಡದು ಎಂದು ನನಗೇ ಗೊತ್ತಿರಲಿಲ್ಲ. ಎರಡನೆಯ ಸಲ ಕೂಗಿದೆ. ಮಾವನ ಕಡೆ ನೋಡಬಾರದು ಎಂದುಕೊಂಡಿದ್ದೆ, ಆದರೂ ನೋಡಿದೆ. ಅವರ ಕುತ್ತಿಗೆಯ ನರ ಉಬ್ಬಿತ್ತು. ಅವರ ಕೈ ನಿಧಾನಕ್ಕೆ ತಟ್ಟೆಯ ಕಡೆ ಹೋಯಿತು. ಹೊಗೆಯಾಡುತ್ತಿದ್ದ ಗೋಳಿಬಜೆಯನ್ನು ಎತ್ತಿ, ಇಡಿಯಾಗಿ ತಾವೇ ಬಾಯಿಗೆ ಹಾಕಿಕೊಂಡು ತುಟಿ ಮುಚ್ಚಿದರು.

ಮೂರನೆಯ ಸಲ ಕೂಗಿದೆ. ನಮ್ಮ ಊರು ಸುಮ್ಮನಿತ್ತು. ಕುದುರಿನ ಸ್ವರಕ್ಕೆ ಕಾದೆ. ಸ್ವರ ಬರಲಿಲ್ಲ. ಅವಳ ಕನ್ನಡಿಯಿಂದ ಅಂಗೈಯಗಲದ ಒಂದು ಬೆಳಕು ನೀರಿನ ಮೇಲೆ ಹಾದು ಬಂದು ನನ್ನ ಮುಖದ ಮೇಲೆ ನಿಂತಿತು. ಡೊಂಬಯ್ಯ ಅದನ್ನು ನೋಡಿದ, ನೋಡಿಯೂ ಕೂತೇ ಇದ್ದ.

ನಾನು ಮೆಟ್ಟಿಲಿಳಿದು ದೋಣಿಯಲ್ಲಿ ಕೂತೆ. ಯಾವ ಕಡೆಗೆ ಹೋಗಬೇಕೆಂದು ಇನ್ನೂ ಯೋಚಿಸಿರಲಿಲ್ಲ. ಹಗ್ಗ ಬಿಚ್ಚಿ, ಒಮ್ಮೆ ಹುಟ್ಟು ಹಾಕಿ ನೋಡಿದೆ. ದೋಣಿ ಹೊರಟಿತು.